ಇಪ್ಪತ್ತು ಲೀಟರ್ ಡೀಸೆಲ್

ಮಗಾ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ಆಯಿ ಕೇಳಿದಳು, ಏನಾಯ್ತು ಅಂತ. ಏನಿಲ್ಲ, ನೆಟ್‌ವರ್ಕ್ ಹೋಯ್ತು ಅಂದೆ. ನೆಟ್‌ವರ್ಕ್ ಸರಿಯಾಗೇ ಇತ್ತು.

ನೀನು ಮನೆ ಗ್ರೂಪಿಗೆ ಹಾಕಿದ ವಿಡಿಯೋ ನೋಡಿದೆ. ಎಲ್ಲಿಯದು ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹುಡುಗಿಯ ಮೈಮೇಲೆ ಕೈ ಹಾಕಿದವನನ್ನು ಜನ ಹಿಡಿದು ಬಡಿಯುತ್ತಿದ್ದಾರೆ ಅಂತ ಬರೆದಿತ್ತು, ಅದರ ಕೆಳಗೆ ನೀನು 'ಸರಿಯಾದ ಶಾಸ್ತಿ' ಅಂತ ಹಾಕಿದ್ದೆ. ನಾನು ಇದೆಲ್ಲ ಬೇಡ ಅಂದೆ. 'ನೀನು ಹೆಣ್ಣಾಗಿ ಹುಟ್ಟಿದ್ದರೆ ಹೀಗೆ ಮಾತಾಡ್ತಿರಲಿಲ್ಲ ಅಪ್ಪಾ' ಅಂದುಬಿಟ್ಟೆ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ಆದರೆ ನಿನಗೆ ಯಾವತ್ತೂ ಹೇಳದ ಒಂದು ವಿಷಯ ಇದೆ, ಅದನ್ನು ಬರೆಯುತ್ತೇನೆ.

1998. ನನಗೆ 22 ವರ್ಷ. ಡಿಪ್ಲೊಮಾ ಮುಗಿಸಿ ಎಲ್ಲೂ ಕೆಲಸ ಸಿಗದೆ ತದಡಿಯಲ್ಲಿ ಮಾವನ ಬೋಟಿನ ಲೆಕ್ಕ ಬರೆದುಕೊಂಡಿದ್ದೆ. ಮಳೆಗಾಲ ಕಳೆದು ಬೋಟು ನೀರಿಗಿಳಿಸಿದ ಹೊಸತು. ರಾತ್ರಿ ಹೊತ್ತು ಬೋಟು ಕಟ್ಟುವ ದಕ್ಕೆಯಲ್ಲಿ ಡೀಸೆಲ್ ಕಳುವಾಗುತ್ತಿತ್ತು. ನಾಲ್ಕು ದಿನ ಕಾದು ಕೂತವರಿಗೆ ಒಂದು ಬೆಳಗಿನ ಜಾವ ಒಬ್ಬ ಸಿಕ್ಕಿಬಿದ್ದ, 20 ಲೀಟರಿನ ಕ್ಯಾನು ಕೈಯಲ್ಲೇ ಇತ್ತು. ಅಪ್ಪ ಈಗ 'ಆಮೇಲೆ ನೋಡಿದರೆ ಅವನು ಕಳ್ಳನೇ ಅಲ್ಲ' ಅಂತ ಕತೆ ತಿರುಗಿಸುತ್ತಾನೆ ಅಂದುಕೊಳ್ಳಬೇಡ. ಅವನೇ ಕಳ್ಳ. ಒಪ್ಪಿಕೊಂಡಿದ್ದ ಕೂಡ.

ಐಸ್ ಪ್ಲಾಂಟಿನ ಎದುರು ಕರೆಂಟ್ ಕಂಬಕ್ಕೆ ಬಲೆಯ ಹಗ್ಗದಲ್ಲಿ ಕಟ್ಟಿದ್ದರು. ನಾನು ಹೋಗುವಷ್ಟರಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ಒಬ್ಬೊಬ್ಬರೇ ಹೋಗಿ ಹೊಡೆದು ಬರುತ್ತಿದ್ದರು, ಮದುವೆ ಮನೆಯಲ್ಲಿ ಅಕ್ಷತೆ ಹಾಕಿ ಬಂದ ಹಾಗೆ. ನನ್ನನ್ನು ಯಾರೂ ಕರೆಯಲಿಲ್ಲ. ನಾನೇ ಹೋದೆ. ಎರಡು ಕೊಟ್ಟೆ, ಬಲಗೈಯಲ್ಲಿ, ಅವನ ಎಡಗೆನ್ನೆಗೆ, ಕಿವಿ ಸೇರಿ. ಬಾಯಿಂದ ಡೀಸೆಲ್ ವಾಸನೆ ಬರುತ್ತಿತ್ತು, ಪೈಪಿಗೆ ಬಾಯಿ ಹಚ್ಚಿ ಎಳೆದಿದ್ದನಲ್ಲ. ನಿಜ ಹೇಳಬೇಕೆಂದರೆ ನನಗೆ ಹಿತವಾಯ್ತು. ಕೆಲಸ ಸಿಗದ ಎರಡು ವರ್ಷದ ಸಿಟ್ಟು, ಮಾವನ ಮನೆಯಲ್ಲಿ ಉಣ್ಣುವ ನಾಚಿಕೆ, ಎಲ್ಲಾ ಆ ಎರಡು ಏಟಿನಲ್ಲಿ ಇಳಿದ ಹಾಗಾಯ್ತು. ಡೀಸೆಲ್ಲಿನ ನೆನಪೇ ಆಗಿರಲಿಲ್ಲ.

ಪೊಲೀಸರಿಗೆ ಕೊಡಲಿಲ್ಲ. ಏಳು ಗಂಟೆಗೆ ಹಗ್ಗ ಬಿಚ್ಚಿ ಓಡಿಸಿದರು. ಅವನ ಎಡಗಿವಿ ಹೋಯ್ತು. ಯಾರ ಏಟಿಗೆ ಹೋಯ್ತು ಅಂತ ಹೇಳೋದು ಹೇಗೆ? ಅಲ್ಲಿದ್ದ ಪ್ರತಿಯೊಬ್ಬನಿಗೂ ಅದು ಇನ್ನೊಬ್ಬನ ಏಟು. ಕಳ್ಳತನಕ್ಕೆ ಆಗಿನ ಕಾನೂನಿನಲ್ಲಿ ಹೆಚ್ಚೆಂದರೆ ಮೂರು ವರ್ಷ ಜೈಲು, ಒಂದು ಕ್ಯಾನಿಗೆ ಅಷ್ಟೂ ಬೀಳುತ್ತಿರಲಿಲ್ಲ. ನಾವು ಅರ್ಧ ಗಂಟೆಯಲ್ಲಿ ಜೀವಮಾನದ್ದು ಕೊಟ್ಟು ಚಾ ಕುಡಿಯಲಿಕ್ಕೆ ಹೋದೆವು.

ನಿನ್ನ ವಿಡಿಯೋದಲ್ಲಿ ನೀಲಿ ಅಂಗಿಯವನೊಬ್ಬ ಇದ್ದಾನಲ್ಲ, ಹೊಡೆದು ಕ್ಯಾಮೆರಾ ಕಡೆ ತಿರುಗಿ ನಗುವವನು. ಅದನ್ನು ನೋಡಿ ನಾನು ಫೋನ್ ಮಗುಚಿಟ್ಟೆ. ನಮ್ಮ ಕಾಲದಲ್ಲಿ ಫೋನ್ ಇರಲಿಲ್ಲ ಅಷ್ಟೇ.

ಸಿಕ್ಕವನು ಕಳ್ಳನೇ ಆಗಿದ್ದಾಗಲೇ ಹೀಗೆ. ಆಗಿರದಿದ್ದರೆ? 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮಕ್ಕಳಿಗೆ ಚಾಕ್ಲೇಟ್ ಕೊಟ್ಟರು ಅಂತ ಹೈದರಾಬಾದಿನಿಂದ ಬಂದವರನ್ನು ಮಕ್ಕಳ ಕಳ್ಳರು ಅಂದುಕೊಂಡು ಬಡಿದರು. ಒಬ್ಬ ಸತ್ತೇ ಹೋದ, ಸಾಫ್ಟ್‌ವೇರ್ ಎಂಜಿನಿಯರು, ನಿನ್ನ ಹಾಗೆ.

ಭಗತ್ ಸಿಂಗ್ ಮಾಡಿದ್ದು ತಪ್ಪಾ ಅಂತ ಕೇಳಿದೆ ನೀನು. ನಮ್ಮ ಮನೆ ಗೋಡೆಯಲ್ಲೇ ಅವನ ಫೋಟೋ ಇದೆ, ತೆಗೆಯೋದಿಲ್ಲ. ಆದರೆ 1928ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ಅವರು ಕಾದು ನಿಂತದ್ದು ಸ್ಕಾಟ್ ಅನ್ನುವ ಅಧಿಕಾರಿಗೆ, ಗುಂಡು ಬಿದ್ದದ್ದು ಸಾಂಡರ್ಸ್ ಅನ್ನುವ ಬೇರೆಯವನಿಗೆ. ಬೆನ್ನಟ್ಟಿ ಬಂದ ಚನನ್ ಸಿಂಗ್ ಅನ್ನುವ ಹೆಡ್ ಕಾನ್‌ಸ್ಟೇಬಲ್ಲೂ ಸತ್ತ. ಅಷ್ಟು ಓದಿಕೊಂಡವರು, ಅಷ್ಟು ತಯಾರಿ ಮಾಡಿದವರು, ಆದರೂ ಆಳು ತಪ್ಪಿತು. ಮಾರನೇ ವರ್ಷ ಅಸೆಂಬ್ಲಿಯಲ್ಲಿ ಬಾಂಬ್ ಹಾಕುವಾಗ ಖಾಲಿ ಜಾಗ ನೋಡಿ ಹಾಕಿ, ಓಡದೆ ಅಲ್ಲೇ ನಿಂತು ಕೈಗೆ ಸಿಕ್ಕರು. ನಾನು ಮಾಡಿದೆ ಅಂತ ಹೆಸರು ಹೇಳಿ ನಿಂತವರು ಅವರು. ನಿನ್ನ ನೀಲಿ ಅಂಗಿಯವನು ಠಾಣೆಗೆ ಹೋಗಿ ಹೆಸರು ಬರೆಸುತ್ತಾನಾ?

ದೂರದ್ದು ಬೇಡ. 2017ರ ಡಿಸೆಂಬರ್ ನೆನಪಿದೆಯಲ್ಲ, ನೀನಾಗ ಹೈಸ್ಕೂಲು. ಹೊನ್ನಾವರದಲ್ಲಿ ಒಬ್ಬ ಹುಡುಗನ ಹೆಣ ಕೆರೆಯಲ್ಲಿ ಸಿಕ್ಕಿತು. ಹೀಗೆ ಕೊಂದರು, ಹಾಗೆ ಕೊಂದರು ಅಂತ ಮೆಸೇಜಿನ ಮೇಲೆ ಮೆಸೇಜು. ಕುಮಟಾದಲ್ಲಿ ಪೊಲೀಸ್ ಗಾಡಿ ಸುಟ್ಟರು, ಶಿರಸಿಯವರೆಗೂ ಗಲಾಟೆ ಹಬ್ಬಿತು. 2022ರಲ್ಲಿ ಸಿಬಿಐ ಅದು ಆಕಸ್ಮಿಕ ಸಾವು ಅಂತ ವರದಿ ಕೊಟ್ಟಿತು. ಆ ಮನೆಯವರ ನೋವಿನ ಎದುರು ವರದಿ ಹಿಡಿದು ವಾದ ಮಾಡುವವನು ನಾನಲ್ಲ. ಆದರೆ ಸಿಬಿಐಗೆ ಐದು ವರ್ಷ ಬೇಕಾದದ್ದನ್ನು ನಮ್ಮ ಚಾ ಅಂಗಡಿ ಒಂದೇ ಸಂಜೆಯಲ್ಲಿ ತೀರ್ಮಾನ ಮಾಡಿತ್ತು.

ಅದೇ ಚಾ ಅಂಗಡಿ, 1996ರಲ್ಲಿ ಭಟ್ಕಳದ ಶಾಸಕ ಡಾ. ಚಿತ್ತರಂಜನ್ ಅವರಿಗೆ ಗುಂಡು ಹೊಡೆದಾಗಲೂ, 2000ದಲ್ಲಿ ಕಾರವಾರದ ವಸಂತ ಅಸ್ನೋಟಿಕರ ಅವರಿಗೆ ಹೊಡೆದಾಗಲೂ ತುಂಬಿತ್ತು. ಇಬ್ಬರದೂ ಬೇರೆ ಬೇರೆ ಪಕ್ಷ. ಎರಡೂ ಸಲ ಒಂದು ಮೂಲೆಯಿಂದ 'ಏನೋ ಮಾಡಿರಬೇಕು ಬಿಡು' ಅಂತ ಒಂದು ದನಿ ಬಂತು. ಮೂಲೆ ಮಾತ್ರ ಬದಲಾಗಿತ್ತು.

ನಾನೇನು ದೊಡ್ಡ ಮನುಷ್ಯ ಅಲ್ಲ ಮಗಾ. 2019ರಲ್ಲಿ, ಒಬ್ಬ ಹುಡುಗಿಯ ಅತ್ಯಾಚಾರ, ಕೊಲೆಯ ಕೇಸಿನ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದ ಹೈದರಾಬಾದಿನ ಎನ್‌ಕೌಂಟರ್ ಆದ ದಿನ ಪೊಲೀಸರ ಮೇಲೆ ಹೂವು ಎರಚಿದ ಫೋಟೋ ಸ್ಟೇಟಸ್ ಹಾಕಿದವನು ನಾನೇ. ನಿನ್ನ ವಯಸ್ಸಿನ ಹೆಣ್ಣುಮಕ್ಕಳ ಅಪ್ಪಂದಿರೆಲ್ಲ ಹಾಕಿದ್ದರು. ಸುಪ್ರೀಂ ಕೋರ್ಟ್ ನೇಮಿಸಿದ ಆಯೋಗ 2022ರಲ್ಲಿ, ಕೊಲ್ಲಬೇಕು ಅಂತಲೇ ಗುಂಡು ಹಾರಿಸಿದ್ದಾರೆ, ಸತ್ತ ನಾಲ್ವರಲ್ಲಿ ಮೂವರಿಗೆ 18 ತುಂಬಿರಲಿಲ್ಲ ಅಂತ ಹೇಳಿತು. ಆ ಸುದ್ದಿಗೆ ನಾನು ಯಾವ ಸ್ಟೇಟಸ್ಸೂ ಹಾಕಲಿಲ್ಲ. ವಿಚಾರಣೆಯೇ ನಡೆಯಲಿಲ್ಲವಲ್ಲ, ಹಾಗಾಗಿ ಆ ಹುಡುಗಿಗೆ ಏನಾಯ್ತು, ಯಾರು ಏನು ಮಾಡಿದರು ಅಂತ ಯಾವ ಕೋರ್ಟಿನಲ್ಲೂ ಸಾಬೀತಾಗಲೇ ಇಲ್ಲ.

ಕೋರ್ಟು ತಡ ಅಂತೀಯ. ತಡವೇ. ನಮ್ಮ ಗದ್ದೆ ಬೇಲಿಯ ಕೇಸು ಅಜ್ಜ ಸತ್ತ ಮೇಲೆ ಮುಗಿಯಿತು. ಹೆಣ್ಣುಮಕ್ಕಳ ಕೇಸಿನಲ್ಲಿ ಠಾಣೆಯಲ್ಲಿ ದೂರು ಬರೆದುಕೊಳ್ಳಲಿಕ್ಕೇ ಸತಾಯಿಸುತ್ತಾರೆ ಅನ್ನುವುದೂ ಗೊತ್ತು. ಬಸ್ಸಿನಲ್ಲಿ ಯಾವನಾದರೂ ಕೈ ಹಾಕಿದರೆ ಸುಮ್ನೆ ಇರಬೇಡ. ಮೊಣಕೈಯಲ್ಲಿ ಹೊಡಿ, ಪಿನ್ ಚುಚ್ಚು, ಬಸ್ಸು ನಿಲ್ಲುವ ಹಾಗೆ ಕೂಗು. ಕಾನೂನೂ ಅದನ್ನು ಒಪ್ಪುತ್ತದೆ. ಮೇಲೆ ಬೀಳುತ್ತಿರುವವನನ್ನು ಹೊಡೆಯೋದು ಬೇರೆ, ಕಂಬಕ್ಕೆ ಕಟ್ಟಿದವನನ್ನು ಹೊಡೆಯೋದು ಬೇರೆ. ನಾನು ಹೊಡೆದದ್ದು ಎರಡನೆಯವನನ್ನು.

ಅಜ್ಜ ಹೇಳುತ್ತಿದ್ದ ಕರನಿರಾಕರಣೆ ಕತೆ ನಿನಗೆ ಬಾಯಿಪಾಠ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿದರು, ಆಮೇಲೆ ಕಂದಾಯ ಕೊಡೋದಿಲ್ಲ ಅಂದರು. ಸರಕಾರ ಗದ್ದೆ, ಎತ್ತು, ಪಾತ್ರೆ ಎಲ್ಲ ಜಪ್ತಿ ಮಾಡಿ ಹರಾಜು ಹಾಕಿತು. ಅಜ್ಜನ ಪ್ರಕಾರ ಜನರಿಗೆ ಬ್ರಿಟಿಷರಿಗಿಂತ ಜಾಸ್ತಿ ಸಿಟ್ಟಿದ್ದದ್ದು ಹರಾಜಿನಲ್ಲಿ ಕೊಂಡ ನಮ್ಮವರ ಮೇಲೇ. ಅಂಥವರ ಮನೆ ಬಾಗಿಲಲ್ಲಿ ಸಿದ್ದಾಪುರದ ಮಾವಿನಗುಂಡಿಯ ಹೆಂಗಸರು ಉಪವಾಸ ಕೂತರು. ಅವರಿಗೆ ಸಿಟ್ಟಿರಲಿಲ್ಲ ಅಂತಲ್ಲ, ಚೆನ್ನಾಗಿಯೇ ಬೈದಿರಬೇಕು. ಆದರೆ ಯಾರು ಕೂತಿದ್ದಾರೆ ಅಂತ ಒಳಗಿದ್ದವರಿಗೆ ಗೊತ್ತಿತ್ತು, ಮುಖ ನೋಡಿ ಮಾತಾಡಬಹುದಿತ್ತು.

ಹಾಗಾದರೆ ಆ ವಿಡಿಯೋದ ಹುಡುಗಿಗೆ ಏನು ಹೇಳ್ತೀ ಅಂತ ಕೇಳುತ್ತೀ. ಗೊತ್ತಿಲ್ಲ ಮಗಾ. ಅವಳು ಆ ಗುಂಪಿನಲ್ಲಿ ಎಲ್ಲಿದ್ದಾಳೆ ಅಂತ ಮೂರು ಸಲ ಹುಡುಕಿದೆ. ಎಲ್ಲೂ ಕಾಣಲಿಲ್ಲ.

ಅವನು ಈಗಲೂ ತದಡಿಯಲ್ಲೇ ಇದ್ದಾನೆ, ಬಲೆ ಹೊಲಿಯುತ್ತಾನೆ. ನನ್ನ ಗುರುತಿದೆ, ಕಂಡರೆ ಕೈ ಎತ್ತುತ್ತಾನೆ. ಆ ಬೆಳಗಿನ ಮಾತು ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ. ದೀಪಾವಳಿಗೆ ಬಂದಾಗ ಕರೆದುಕೊಂಡು ಹೋಗುತ್ತೇನೆ. ಮಾತಾಡಿಸೋದಿದ್ದರೆ ಬಲಗಡೆ ನಿಲ್ಲು.

ನಿನ್ನ ಅಪ್ಪ