ಅಪ್‌ಡೇಟ್ ಹಾಕಿ ಅಂತೀರಿ, ಆಮೇಲಿನ ಪಾಡು ಯಾರು ಬರೀಬೇಕು?

ಮಾನ್ಯ ಸಂಪಾದಕರೇ,

ನಿಮ್ಮ ತಂತ್ರಜ್ಞಾನ ಪುಟದಲ್ಲಿ "ಅಪ್‌ಡೇಟ್ ಬಂದ ಕೂಡಲೇ ಹಾಕಿಕೊಳ್ಳಿ, ಮುಂದೂಡಬೇಡಿ" ಅನ್ನುವ ಸಲಹೆ ಆಗಾಗ ಬರುತ್ತಿರುತ್ತದೆ. ತಪ್ಪೇನಿಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಉಚಿತ ಅಪ್‌ಡೇಟ್ ನಿಂತಿತು, ಹಾಗಾಗಿ ಮುಂದಿನದಕ್ಕೆ ಹೋಗುವ ಗಡಿಬಿಡಿ ಎಲ್ಲ ಕಡೆ ಇದೆ. ಆದರೆ ಒಂದೇ ಒಂದು ಸಾಫ್ಟ್‌ವೇರ್ ನಂಬಿ ಹೊಟ್ಟೆ ಹೊರೆಯುವವರಿಗೆ ಈ ಸಲಹೆ ಅರ್ಧ ಮಾತ್ರ. ಉಳಿದರ್ಧ ಎಲ್ಲೂ ಕಾಣಲಿಲ್ಲ, ಅದಕ್ಕೇ ಈ ಪತ್ರ.

ನಾನು ಬೆಳಗಾವಿಯಲ್ಲಿ ಶಾಲಾ ಬ್ಯಾಂಡ್‌ಗಳಿಗೆ, ಲಗ್ನದ ಬ್ಯಾಂಡ್ ಕಂಪನಿಗಳಿಗೆ ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಗಳ ಮೇಲೆ ಬರೆಯುವ ಪಾಶ್ಚಾತ್ಯ ಸ್ವರಲಿಪಿ, ಬರೆದುಕೊಡುತ್ತೇನೆ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಪಕ್ಕದಲ್ಲೇ ಇದೆ, ಹಾಗಾಗಿ ಬೆಳಗಾವಿ ಸಂಗೀತ ಅಂದರೆ ತಂಬೂರಿ, ತಬಲಾ ಅಂತಲೇ ಜನ ಅಂದುಕೊಳ್ಳುತ್ತಾರೆ. ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರ ಇರುವ ಊರಿದು, ಟ್ರಂಪೆಟ್ ಸದ್ದೂ ನಮ್ಮದೇ. ಹಿಂದೂಸ್ತಾನಿ ಕಲಿಸುವ ಗೆಳೆಯರು ಭಾತಖಂಡೆ ಪದ್ಧತಿಯಲ್ಲಿ ನೋಟ್‌ಬುಕ್ಕಿನಲ್ಲೇ ಬರೆಯುತ್ತಾರೆ. ಕೋಮಲ ಸ್ವರದ ಕೆಳಗೊಂದು ಗೆರೆ, ತಾರ ಸಪ್ತಕಕ್ಕೆ ತಲೆ ಮೇಲೊಂದು ಚುಕ್ಕೆ, ಮುಗಿಯಿತು. ಪೆನ್ನಿಗೆ ಯಾವ ಅಪ್‌ಡೇಟೂ ಬರುವುದಿಲ್ಲ, ಪುಣ್ಯವಂತರು.

ನಮಗೆ ಹಾಗಾಗದು. ಟ್ರಂಪೆಟ್, ಕ್ಲಾರಿನೆಟ್ ಸಾಮಾನ್ಯವಾಗಿ ಬಿ ಫ್ಲ್ಯಾಟ್ ವಾದ್ಯಗಳು, ಅವರ ಹಾಳೆಯಲ್ಲಿ ಸಿ ಅಂತ ಬರೆದರೆ ಕಿವಿಗೆ ಬೀಳುವುದು ಬಿ ಫ್ಲ್ಯಾಟ್. ಆಲ್ಟೋ ಸ್ಯಾಕ್ಸಫೋನಿನದು ಇ ಫ್ಲ್ಯಾಟ್. ಕೈಯಲ್ಲಿ ಬರೆಯುತ್ತ ಕೂತರೆ ಒಂದೊಂದು ವಾದ್ಯಕ್ಕೂ ಸ್ವರ ಏರಿಸಿ ಬೇರೆ ಬೇರೆ ಹಾಳೆ ಮಾಡಬೇಕು, ಅದರಲ್ಲಿ ಒಂದು ಶಾರ್ಪ್ ತಪ್ಪಿದರೂ ಮೈದಾನದಲ್ಲಿ ಮಕ್ಕಳ ಮಾನ ಹೋಗುತ್ತದೆ. ಸಾಫ್ಟ್‌ವೇರಿನಲ್ಲಿ ಒಮ್ಮೆ ಬರೆದರೆ ಎಲ್ಲರ ಹಾಳೆಯನ್ನೂ ಅದೇ ತೆಗೆದುಕೊಡುತ್ತದೆ.

ನವೆಂಬರ್ 1ರ ಮೆರವಣಿಗೆ ಬೆಳಗಾವಿಯಲ್ಲಿ ಎಷ್ಟು ದೊಡ್ಡದು ಅಂತ ನಿಮಗೆ ಹೇಳಬೇಕಾಗಿಲ್ಲ. ಶಾಲೆಗಳಿಗೆ ದಸರಾ ರಜೆ ಮುಗಿಯುವ ಹೊತ್ತಿಗೆ ಹಾಳೆ ಕೈಯಲ್ಲಿರಬೇಕು. ಸರಿಯಾಗಿ ಆಗಲೇ ನನ್ನ ಮಶೀನಿಗೆ ದೊಡ್ಡ ಅಪ್‌ಡೇಟ್ ಬಂತು. ಮರುದಿನದಿಂದ ಒಂದು ಸ್ವರ ಒತ್ತಿದರೆ ಅದು ಪರದೆ ಮೇಲೆ ಬರುವ ತನಕ ಕಾಯಬೇಕು, ಪುಟ ಸರಿಸಿದರೆ ತಡವರಿಸುತ್ತದೆ, ಬರೆದದ್ದನ್ನು ನುಡಿಸಿ ಕೇಳೋಣ ಅಂದರೆ ಬರೀ ಪಟಪಟ ಸದ್ದು. ರಿಪೇರಿ ಅಂಗಡಿಯವನು ಮುಚ್ಚಳ ಕೂಡ ತೆಗೆಯಲಿಲ್ಲ. "ಸರ, ಮಶೀನ್ ಹಳೇದಾತ್ರಿ, ಹೊಸಾದು ತಗೊಂಡಬಿಡ್ರಿ" ಅಂದ.

ಹಳೆಯದೇ ಇರಲಿ. ಹಿಂದಿನ ಸಂಜೆ ತನಕ ಇದೇ ಮಶೀನ್ ಚೆನ್ನಾಗಿ ಓಡುತ್ತಿತ್ತಲ್ಲ? ಒಂದೇ ರಾತ್ರಿಗೆ ಮುಪ್ಪು ಬರುತ್ತದಾ?

ನೊಟೇಶನ್ ಸಾಫ್ಟ್‌ವೇರ್ ಬರೀ ಬರೆಯುವ ಸಾಧನ ಅಲ್ಲ, ಪ್ರತಿ ಸ್ವರ ಒತ್ತಿದಾಗಲೂ ಅದನ್ನು ನುಡಿಸಿ ತೋರಿಸುತ್ತದೆ. ಅಂದರೆ ಸದ್ದಿನ ಡ್ರೈವರ್ (ಸೌಂಡ್ ಕಾರ್ಡನ್ನು ಸಿಸ್ಟಂಗೆ ಹೊಂದಿಸುವ ಪುಟ್ಟ ಪ್ರೋಗ್ರಾಂ) ಕೆಟ್ಟರೆ ಬರವಣಿಗೆಯೂ ನಿಧಾನ ಆಗಬಹುದು. ದೊಡ್ಡ ಅಪ್‌ಡೇಟಿನಲ್ಲಿ ಸೌಂಡ್ ಕಾರ್ಡ್ ಕಂಪನಿ ಕೊಟ್ಟ ಡ್ರೈವರ್ ಹೋಗಿ, ಆ ಜಾಗಕ್ಕೆ ಸಿಸ್ಟಂನ ಸಾಮಾನ್ಯ ಡ್ರೈವರ್ ಬಂದು ಕೂರುವುದುಂಟು. ಹಾಡು ಕೇಳಲು, ವಿಡಿಯೊ ನೋಡಲು ಅದು ಸಾಕು, ಆದ್ದರಿಂದ ಮನೆಯ ಬೇರೆ ಯಾರಿಗೂ ತೊಂದರೆ ಗೊತ್ತೇ ಆಗುವುದಿಲ್ಲ, ನಮ್ಮ ಕೆಲಸಕ್ಕೆ ಮಾತ್ರ ಕಲ್ಲು ಬೀಳುತ್ತದೆ. ಪತ್ತೆ ಹಚ್ಚುವುದು ಸುಲಭ. ಸೆಟ್ಟಿಂಗ್‌ನಲ್ಲಿ, ಬರೆಯುವಾಗ ಸ್ವರ ನುಡಿಸುವುದನ್ನು ಆಫ್ ಮಾಡಿ. ಆಗ ಬರವಣಿಗೆ ಚುರುಕಾದರೆ ತೊಂದರೆ ಸದ್ದಿನ ಕಡೆ ಇದೆ. ಕಾರ್ಡ್ ಕಂಪನಿಯ ತಾಣದಿಂದ ಅವರದೇ ಡ್ರೈವರ್ ತಂದು ಹಾಕಿ. ನನ್ನ ಮಶೀನಿನಲ್ಲಿ ಆದದ್ದು ಇದೇ, ಒಂದು ರೂಪಾಯಿ ಖರ್ಚಾಗಲಿಲ್ಲ.

ಆಫ್ ಮಾಡಿದರೂ ಪುಟ ಸರಿಸುವುದು ನಿಧಾನವೇ ಅನ್ನಿಸಿದರೆ ಡಿಸ್‌ಪ್ಲೇ ಡ್ರೈವರ್ ನೋಡಬೇಕು, ಅದರ ಕತೆಯೂ ಇಷ್ಟೇ. ಹಳೇ ಹಾರ್ಡ್ ಡಿಸ್ಕ್ ಇದ್ದವರಿಗೆ ಇನ್ನೊಂದು ಕಾಟ. ಅಪ್‌ಡೇಟ್ ಆದ ಮೇಲೆ ಸಿಸ್ಟಂ ಕಡತಗಳನ್ನೆಲ್ಲ ಹಿನ್ನೆಲೆಯಲ್ಲಿ ಮತ್ತೆ ಪಟ್ಟಿ ಮಾಡುತ್ತ ಕೂರುತ್ತದೆ, ಮ್ಯಾಕ್‌ನಲ್ಲೂ ಇದಿದೆ. ಆಗ ಸುಮ್ನೆ ರಾತ್ರಿಯಿಡೀ ಚಾರ್ಜಿಗೆ ಹಾಕಿ ಬಿಡುವುದೇ ಔಷಧ. ಆಂಟಿವೈರಸ್ ಕೂಡ ಜಿಬಿಗಟ್ಟಲೆ ಇರುವ ವಾದ್ಯದ ಸದ್ದಿನ ಕಡತಗಳನ್ನು ತೆರೆದಾಗೆಲ್ಲ ತಪಾಸಣೆ ಮಾಡುತ್ತದೆ, ಸಾಫ್ಟ್‌ವೇರ್ ಕಂಪನಿಯಿಂದಲೇ ಬಂದ ಆ ಫೋಲ್ಡರನ್ನಷ್ಟೇ ತಪಾಸಣೆಯಿಂದ ಹೊರಗಿಡಬಹುದು. ಪೂರ್ತಿ ಆಫ್ ಮಾಡುವ ಸಾಹಸ ಮಾತ್ರ ಬೇಡ.

ಇದರಲ್ಲಿ ಯಾವುದೂ ಗುಟ್ಟಲ್ಲ. ಆದರೂ ಅಂಗಡಿಯವರು ಹೇಳುವುದಿಲ್ಲ, ಹೊಸ ಲ್ಯಾಪ್‌ಟಾಪ್ ಮಾರಿದರೆ ಅವರಿಗೆ ಲಾಭ ಜಾಸ್ತಿ ಅಲ್ವಾ. ವಿಂಡೋಸ್‌ನಲ್ಲಿ ಹೊಸ ಆವೃತ್ತಿಗೆ ಹೋದ ಮೇಲೆ ಸಾಮಾನ್ಯವಾಗಿ 10 ದಿನದೊಳಗೆ ಹಳೆಯದಕ್ಕೆ ಮರಳುವ ದಾರಿ ಇರುತ್ತದೆ ಅನ್ನುವುದೂ ಬಹಳ ಜನರಿಗೆ ಗೊತ್ತಿಲ್ಲ. ಹಬ್ಬದ ಕೆಲಸ ಮುಗಿಸಿ ನೋಡೋಣ ಅನ್ನುವಷ್ಟರಲ್ಲಿ ಆ 10 ದಿನ ಕಳೆದಿರುತ್ತವೆ. ವಿಂಡೋಸ್ 11ರಲ್ಲಿ ಅಪ್‌ಡೇಟನ್ನು ಕೆಲವು ವಾರ ತಡೆದು ಇಡಬಹುದು, ಕೆಲಸದ ಭರಾಟೆ ಇದ್ದಾಗ ಅಷ್ಟೇ ಸಾಕು. ಸುರಕ್ಷತೆ ಕೆಡುತ್ತದೆ ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ನಾವು ಕೇಳುವುದು ವರ್ಷಗಟ್ಟಲೆ ಮುಂದೂಡಲು ಅಲ್ಲ, ರಾಜ್ಯೋತ್ಸವ ಮುಗಿಯಲಿ ಅಂತ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ಕೆಲವು ಸಲ ನಿಧಾನ ಆಗುವುದಲ್ಲ, ಪೂರ್ತಿ ನಿಂತೇ ಹೋಗುತ್ತದೆ. 2019ರಲ್ಲಿ ಮ್ಯಾಕ್‌ಗೆ ಕೆಟಲಿನಾ ಅನ್ನುವ ಹೊಸ ಆವೃತ್ತಿ ಬಂದಾಗ ಹಳೇ ಬಗೆಯ 32 ಬಿಟ್ ಪ್ರೋಗ್ರಾಂಗಳು ಓಡುವುದನ್ನೇ ಬಿಟ್ಟವು. ಮೂವತ್ತೈದು ವರ್ಷ ನಡೆದ ಫಿನಾಲೆ ಅನ್ನುವ ನೊಟೇಶನ್ ಸಾಫ್ಟ್‌ವೇರನ್ನು ಇನ್ನು ಮುಂದೆ ಬೆಳೆಸುವುದಿಲ್ಲ ಅಂತ ಅದರ ಕಂಪನಿ 2024ರ ಆಗಸ್ಟ್‌ನಲ್ಲಿ ಹೇಳಿತು. ಅದರಲ್ಲೇ ಬರೆದಿಟ್ಟವರು ಮುಂದಿನ ಅಪ್‌ಡೇಟುಗಳಲ್ಲಿ ಅದು ತೆರೆಯುತ್ತದೋ ಇಲ್ಲವೋ ಅಂತ ಕಾಯುತ್ತ ಕೂರುವುದು ಬೇಡ. ಪ್ರತಿ ಹಾಡನ್ನೂ ಮ್ಯೂಸಿಕ್‌ಎಕ್ಸ್‌ಎಂಎಲ್ ರೂಪದಲ್ಲಿ ಒಂದು, ಪಿಡಿಎಫ್‌ನಲ್ಲಿ ಒಂದು ಪ್ರತಿ ತೆಗೆದು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಮೊದಲನೆಯದು ಬೇರೆ ನೊಟೇಶನ್ ಸಾಫ್ಟ್‌ವೇರ್‌ಗಳಾದ ಡೊರಿಕೊ, ಸಿಬೇಲಿಯಸ್, ಉಚಿತವಾಗಿ ಸಿಗುವ ಮ್ಯೂಸ್‌ಸ್ಕೋರ್, ಎಲ್ಲದರಲ್ಲೂ ತೆರೆಯುತ್ತದೆ. ಅಲ್ಲಲ್ಲಿ ಅಕ್ಷರ, ಅಂತರ ಆಚೀಚೆ ಆಗುತ್ತವೆ, ಸ್ವರಗಳು ಉಳಿಯುತ್ತವೆ.

ಇವನ್ನೆಲ್ಲ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಸರಳ ಕನ್ನಡದಲ್ಲಿ ಬರೆಸಿ ಅನ್ನುವುದು ನನ್ನ ಬೇಡಿಕೆ. ನೊಟೇಶನ್ ಬರೆಯುವವರಿಗೆ ಮಾತ್ರ ಅಲ್ಲ, ಫೋಟೊ ಸ್ಟುಡಿಯೊದವರು, ಡಿಟಿಪಿ ಮಾಡುವವರು, ಫ್ಲೆಕ್ಸ್ ಹೊಡೆಯುವವರು ಎಲ್ಲರೂ ಒಂದೇ ಸಾಫ್ಟ್‌ವೇರ್ ಮೇಲೆ ನಿಂತವರೇ. ಬೇಸಿಗೆಯ ಲಗ್ನದ ಸೀಜನ್ ಶುರುವಾಗುವ ಮುಂಚೆ ಬಂದರೆ ಒಳ್ಳೆಯದು. ಜಾಗ ಇಲ್ಲ ಅನ್ನುವುದಾದರೆ ಹೊಸ ಫೋನುಗಳ ಬೆಲೆಪಟ್ಟಿ ಒಂದು ವಾರ ಬಿಡಿ, ಅದು ಅಂಗಡಿ ಬಾಗಿಲಲ್ಲೇ ಅಂಟಿಸಿರುತ್ತದೆ.

ಇಂತಿ,
ಬ್ಯಾಂಡ್ ನೊಟೇಶನ್ ಬರೆಯುವ ಓದುಗ,
ಟಿಳಕವಾಡಿ, ಬೆಳಗಾವಿ