ಅಪ್ಪಯ್ಯನ ಗುಳಿಗೆ, ರಕ್ತನಾಳದ ಒಳಪದರ

ಬ್ರೂಕ್ಲಿನ್, ನ್ಯೂಯಾರ್ಕ್

ಪ್ರೀತಿಯ ತಂಗಿಗೆ ಅಣ್ಣನ ಆಶೀರ್ವಾದಗಳು. ಆಯಿಗೂ ಅಪ್ಪಯ್ಯನಿಗೂ ಸಾಷ್ಟಾಂಗ ನಮಸ್ಕಾರ ತಿಳಿಸು. ನಾನಿಲ್ಲಿ ಕ್ಷೇಮ. ಶಿರಸಿಯಲ್ಲಿ ಮಳೆ ಹಿಡಿದಿದೆಯಂತೆ, ಅಡಿಕೆಗೆ ಕೊಳೆ ಔಷಧಿ ಹೊಡೆದು ಆಯಿತೇ?

ಕಾಲೇಜಿನ ಪ್ರಾಕ್ಟಿಕಲ್‌ನಲ್ಲಿ, ನಾಳ ಸಡಿಲಿಸಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿದರೂ ಇಲಿಯ ಮಹಾಧಮನಿಯ ತುಂಡು ಸಡಿಲಾಗಲಿಲ್ಲ ಎಂದು ನೀನು ಬರೆದಿದ್ದೆ. ಎದೆನೋವಿಗೆ ಅಪ್ಪಯ್ಯ ನಾಲಿಗೆ ಅಡಿ ಇಡುವ ಗುಳಿಗೆ ಹೇಗೆ ಕೆಲಸ ಮಾಡುತ್ತದೆ ಎಂದೂ ಕೇಳಿದ್ದೆ. ಎರಡಕ್ಕೂ ಉತ್ತರ ನಾಳದ ಒಳಮೈಗೆ ಅಂಟಿದ ಎಂಡೋಥೀಲಿಯಂ ಎಂಬ ಒಳಪದರದಲ್ಲಿದೆ. ಈರುಳ್ಳಿ ಬಿಡಿಸುವಾಗ ಎಸಳಿನಿಂದ ತೆಳ್ಳನೆ ಪೊರೆ ಏಳುತ್ತದಲ್ಲ, ಹಾಗೆ ಒಂದೇ ಸಾಲು ಕೋಶಗಳ ಹಾಸು ಅದು. ಬೆರಳು ತಾಗಿದರೂ ಕಿತ್ತುಹೋಗುತ್ತದೆ.

ನಿನ್ನ ತುಂಡಿನಲ್ಲಿ ಆಗಿದ್ದೂ ಬಹುಶಃ ಅದೇ. ಧಮನಿಯನ್ನು 3 ಮಿ.ಮೀ. ಅಗಲದ ಉಂಗುರವಾಗಿ ಕತ್ತರಿಸು, ಕಾಳುಮೆಣಸಿಗಿಂತ ಸಣ್ಣದು. ಚಿಮಟವನ್ನು ಹೊರಗಿನ ಕೊಬ್ಬಿಗೆ ಮಾತ್ರ ಹಚ್ಚು, ಒಳಗೆ ತೂರಿಸಬೇಡ. ಕೊಕ್ಕೆ ಹಾಕುವಾಗ ಗೋಡೆಗೆ ಉಜ್ಜದಂತೆ ನಿಧಾನ ಇಳಿಸು. ಉಂಗುರ ಮುಳುಗಿರುವ ಕ್ರೆಬ್ಸ್ ದ್ರಾವಣ 37 ಡಿಗ್ರಿ ಇರಲಿ, 95 ಪಾಲು ಆಮ್ಲಜನಕ, 5 ಪಾಲು ಇಂಗಾಲದ ಡೈ ಆಕ್ಸೈಡ್ ಬಿಡುತ್ತಲೇ ಇರಬೇಕು. ಆ ದ್ರಾವಣ ಮಾಡುವಾಗ ಲೀಟರಿಗೆ ಉಪ್ಪು 6.9 ಗ್ರಾಂ, ಸೋಡಿಯಂ ಬೈಕಾರ್ಬೊನೇಟ್ 2.1, ಗ್ಲೂಕೋಸ್ 2 ಗ್ರಾಂ. ಉಳಿದವು ನಿನ್ನ ಮ್ಯಾನ್ಯುಅಲ್‌ನಲ್ಲಿ ಇರುತ್ತವೆ. ಕ್ಯಾಲ್ಸಿಯಂ ಕ್ಲೋರೈಡ್ ಮಾತ್ರ ಕಟ್ಟಕಡೆಗೆ, ಅದೂ ಗ್ಯಾಸ್ ಚೆನ್ನಾಗಿ ಬಿಟ್ಟ ಮೇಲೆ. ಮೊದಲೇ ಸುರಿದರೆ ಸುಣ್ಣದ ತಿಳಿ ಕಲಕಿದ ಹಾಗೆ ಬೆಳ್ಳಗಾಗುತ್ತದೆ. ಆ ದ್ರಾವಣವನ್ನು ಚೆಲ್ಲಿಬಿಡು.

ಉಂಗುರವನ್ನು ಒಂದು ಗಂಟೆಯಾದರೂ ಸುಮ್ಮನೆ ಬಿಟ್ಟು, ಹದಿನೈದು ನಿಮಿಷಕ್ಕೊಮ್ಮೆ ದ್ರಾವಣ ಬದಲಿಸು. ಆಮೇಲೆ ಫಿನೈಲೆಫ್ರಿನ್ ಹಾಕಿ ಬಿಗಿಮಾಡು. ಈ ಬಿಗಿ ಬರದೆ ಅಸಿಟೈಲ್‌ಕೋಲಿನ್ ಹಾಕಿದರೆ ಏನೂ ಕಾಣದು, ಸಡಿಲಾಗಲು ಮೊದಲು ಬಿಗಿದಿರಬೇಕಲ್ಲ. ಬಿಗಿ ಒಂದು ಮಟ್ಟಕ್ಕೆ ನಿಂತ ಮೇಲೆ ಅಸಿಟೈಲ್‌ಕೋಲಿನ್ನನ್ನು ಸ್ವಲ್ಪ ಸ್ವಲ್ಪವೇ ಏರಿಸು. ಬಿಗಿ ತೋರಿಸುವ ಗೆರೆ ಇಳಿಯದಿದ್ದರೆ, ಒಳಪದರದ ನೆರವಿಲ್ಲದೆಯೇ ಸ್ನಾಯು ಸಡಿಲಿಸುವ ಸೋಡಿಯಂ ನೈಟ್ರೊಪ್ರಸೈಡ್ ಹಾಕಿ ನೋಡು. ಅದಕ್ಕೆ ಇಳಿದರೆ ಸ್ನಾಯು ಸರಿಯಿದೆ, ಒಳಪದರ ಹೋಗಿದೆ ಎಂದು ತಿಳಿ.

ಈ ಬ್ರೂಕ್ಲಿನ್‌ನಲ್ಲೇ ರಾಬರ್ಟ್ ಫರ್ಚ್‌ಗಾಟ್ ಎಂಬ ವಿಜ್ಞಾನಿ ಎಷ್ಟೋ ವರ್ಷ ಮೊಲದ ಧಮನಿಯ ಪಟ್ಟಿ ಕತ್ತರಿಸಿ, ಅಸಿಟೈಲ್‌ಕೋಲಿನ್ ಅದನ್ನು ಬಿಗಿಗೊಳಿಸುತ್ತದೆ ಎಂದೇ ನೋಡುತ್ತಿದ್ದರು. ಪಟ್ಟಿ ಮಾಡುವಾಗ ಒಳಮೈ ಉಜ್ಜಿಹೋಗುತ್ತಿತ್ತು. 1978ರಲ್ಲಿ ಪಟ್ಟಿಯ ಬದಲು ಉಂಗುರ ಕಟ್ಟಿದ್ದಾಗ, ಸಹಾಯಕನೊಬ್ಬ ಬಿಗಿಮಾಡಲು ಹಾಕಿದ್ದ ಹಿಂದಿನ ಔಷಧ ತೊಳೆಯಲು ಮರೆತು, ಅಸಿಟೈಲ್‌ಕೋಲಿನ್‌ನಂತಹದೇ ಕಾರ್ಬಕೋಲ್ ಹಾಕಿದಾಗ ಉಂಗುರ ಸಡಿಲಾಯಿತು. ಆ ತಪ್ಪನ್ನು ಹಿಡಿದು ಹೊರಟು 1980ರಲ್ಲಿ ಜಾನ್ ಜವಾಡ್‌ಸ್ಕಿ ಜೊತೆ ಪ್ರಕಟಿಸಿದರು. ಒಳಪದರ ಕೆರೆದ ಪಟ್ಟಿಯ ಮೇಲೆ ಒಳಪದರ ಇರುವ ಇನ್ನೊಂದು ಪಟ್ಟಿಯನ್ನು ಮುಖಕ್ಕೆ ಮುಖ ಮಾಡಿ ಇಟ್ಟರೆ, ಕೆರೆದದ್ದೂ ಸಡಿಲಾಗುತ್ತಿತ್ತು! ಏನೋ ಒಂದು ಅದರಿಂದ ಇದಕ್ಕೆ ದಾಟುತ್ತಿದೆ ಎಂದಾಯಿತು. ನನಗೆ ಇದಕ್ಕಿಂತ ಚೆಂದದ ಪ್ರಯೋಗ ಗೊತ್ತಿಲ್ಲ.

ಆ 'ಏನೋ' ನೈಟ್ರಿಕ್ ಆಕ್ಸೈಡ್ ಎಂಬ ಅನಿಲ. ಅಸಿಟೈಲ್‌ಕೋಲಿನ್ ತಟ್ಟಿ ಒಳಪದರದ ಕೋಶದಲ್ಲಿ ಕ್ಯಾಲ್ಸಿಯಂ ಏರಿದಾಗ ಒಂದು ಕಿಣ್ವ ಆರ್ಜಿನಿನ್ ಎಂಬ ಅಮೈನೋ ಆಮ್ಲದಿಂದ ಇದನ್ನು ಮಾಡುತ್ತದೆ. ರಕ್ತ ಗೋಡೆ ಸವರಿಕೊಂಡು ಹರಿಯುವ ರಭಸಕ್ಕೂ ಇದು ಹುಟ್ಟುತ್ತದೆ. ಬದುಕುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಪಕ್ಕದ ಸ್ನಾಯುಕೋಶಕ್ಕೆ ನುಗ್ಗಿ ಸೈಕ್ಲಿಕ್ ಜಿಎಂಪಿ ಎಂಬ ಸಂದೇಶದ ಅಣುವನ್ನು ಹೆಚ್ಚಿಸುತ್ತದೆ, ಅಲ್ಲಿ ಕ್ಯಾಲ್ಸಿಯಂ ಇಳಿದು ಸ್ನಾಯು ಬಿಡುತ್ತದೆ. ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೆ 1998ರ ನೊಬೆಲ್ ಬಂದದ್ದು ಇದಕ್ಕೇ.

ಈಗ ಅಪ್ಪಯ್ಯನ ಐಸೊಸಾರ್ಬೈಡ್ ಡೈನೈಟ್ರೇಟ್ ಗುಳಿಗೆಗೆ ಬಾ. ಅದು ನೈಟ್ರೊಪ್ರಸೈಡ್‌ನ ಹಾಗೆ ನೈಟ್ರಿಕ್ ಆಕ್ಸೈಡನ್ನು ಸ್ನಾಯುವಿಗೇ ಮುಟ್ಟಿಸುತ್ತದೆ, ಒಳಪದರವನ್ನು ಕೇಳುವುದಿಲ್ಲ. ಅದಕ್ಕೇ ಒಳಪದರ ಹಾಳಾದ ನಾಳದಲ್ಲೂ ಕೆಲಸ ಮಾಡುತ್ತದೆ, ಆದರೆ ಒಳಪದರವನ್ನು ರಿಪೇರಿ ಮಾಡುವುದಿಲ್ಲ. ಅಪ್ಪಯ್ಯ ಕೂತುಕೊಂಡೇ ಇಟ್ಟುಕೊಳ್ಳಲಿ. ನಿಂತರೆ ಬಿಪಿ ಇಳಿದು ತಲೆ ಸುತ್ತಬಹುದು. ನುಂಗಬಾರದು, ಕರಗಬೇಕು, ನುಂಗಿದರೆ ಲಿವರ್ ಬಹುಪಾಲು ಒಡೆದುಹಾಕುತ್ತದೆ. ತಲೆನೋವು ಬಂದರೆ ಹೆದರಬೇಡಿ, ತಲೆಯ ನಾಳಗಳೂ ಹಿಗ್ಗಿದ್ದಕ್ಕೆ. ಐದು ನಿಮಿಷಕ್ಕೂ ಎದೆನೋವು ಇಳಿಯದಿದ್ದರೆ ಕಾಯದೆ ಆಸ್ಪತ್ರೆಗೆ ಹೊರಡಿ. ನೀನು ಮುಂದೆ ಮೆಡಿಕಲ್ ಶಾಪಿನಲ್ಲಿ ಕೂತರೆ, ಈ ಗುಳಿಗೆ ತಿನ್ನುವವರಿಗೆ ಸಿಲ್ಡೆನಾಫಿಲ್ (ವಯಾಗ್ರಾ) ಕೊಡಲೇಬೇಡ. ಅದು ಸೈಕ್ಲಿಕ್ ಜಿಎಂಪಿ ಒಡೆಯದಂತೆ ತಡೆಯುತ್ತದೆ. ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ.

ಕೊನೆಗೆ ಕವಳದ, ಅಂದರೆ ಎಲೆಯಡಿಕೆಯ ವಿಷಯ. ಅಡಿಕೆಯಲ್ಲಿರುವ ಅರೆಕೋಲಿನ್ ಅಸಿಟೈಲ್‌ಕೋಲಿನ್‌ನ ಗ್ರಾಹಕಗಳನ್ನೇ (ಕೋಶದ ಮೇಲೆ ಅದು ಕೂರುವ ಜಾಗಗಳನ್ನೇ) ತಟ್ಟುತ್ತದೆ ನಿಜ, ಹಾಗಂತ ಅದು ಎದೆಗೆ ಔಷಧ ಎಂದು ಅಪ್ಪಯ್ಯ ವಾದಿಸಿದರೆ ಒಪ್ಪಬೇಡ. ಅಡಿಕೆ ಬಾಯಿಯ ಕ್ಯಾನ್ಸರಿಗೂ ದಾರಿ. ಅದಕ್ಕಿಂತ ಮೊದಲು ಹೋಗಬೇಕಾದ್ದು ತಂಬಾಕು. ಆ ಒಂದು ಸಾಲು ಕೋಶಗಳ ಕಸುಬು ಕೆಡಿಸುವವರಲ್ಲಿ ಅದು ಮುಂಚೂಣಿಯದು. ಸಂಚಿಯಿಂದ ತಂಬಾಕಿನ ಎಸಳನ್ನು ನೀನೇ ತೆಗೆದಿಡು, ಗುಳಿಗೆಯ ಸ್ಟ್ರಿಪ್ ಅಪ್ಪಯ್ಯನ ಅಂಗಿ ಕಿಸೆಯಲ್ಲಿ ಇರಲಿ. ತೋಟಕ್ಕೆ ಹೋಗುವಾಗಲೂ.

ನಿನ್ನ ಅಣ್ಣ