ಡಿಲೀಟ್ ಬಟನ್ ತೆಗೆದುಬಿಡು

ಚಿ. ಅನುಷಾಳಿಗೆ ಮಾವನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ.

ಆಸ್ಪತ್ರೆಗಳ ಆಂಟಾಲಜಿ (ಕಾಯಿಲೆಗಳಂಥವನ್ನೂ ಅವುಗಳ ಸಂಬಂಧಗಳನ್ನೂ ಕಂಪ್ಯೂಟರಿಗೆ ಅರ್ಥವಾಗುವಂತೆ ಬರೆದಿಟ್ಟದ್ದು) ನೋಡಿಕೊಳ್ಳುವ ಕ್ಲೌಡ್ ಸರ್ವೀಸ್ ಶುರು ಮಾಡುತ್ತೀಯಂತೆ, ಅಕ್ಕ ಹೇಳಿದಳು. ನೀನು ಕಳಿಸಿದ ಪ್ಲಾನ್ ಓದಿದೆ. ಬರೀ ಸರ್ವರ್ ಪುರಾಣವೇ ತುಂಬಿದೆಯಲ್ಲ!

ಸರ್ವರ್ ಯಾರು ಬೇಕಾದರೂ ಬಾಡಿಗೆಗೆ ಕೊಡುತ್ತಾರೆ. ಅಮೆಜಾನ್‌ನ ನೆಪ್ಚೂನ್ ಅನ್ನುವ ಕ್ಲೌಡ್ ಡೇಟಾಬೇಸ್ 2018ರಿಂದಲೇ ಇದೆ. ಆರ್‌ಡಿಎಫ್ ಅನ್ನುವ ರೂಪದಲ್ಲಿ ಮಾಹಿತಿ ತುಂಬಿಸು, ಸ್ಪಾರ್ಕಲ್ ಅನ್ನುವ ಪ್ರಶ್ನೆಭಾಷೆಯಲ್ಲಿ ಕೇಳು, ಅಷ್ಟೆ. ಹಲವರು ಸೇರಿ ಬ್ರೌಸರಿನಲ್ಲೇ ತಿದ್ದಲು ಸ್ಟ್ಯಾನ್‌ಫರ್ಡ್‌ನವರ ವೆಬ್‌ಪ್ರೊಟೆಜೆ ಪುಕ್ಕಟೆ ಸಿಗುತ್ತದೆ. ಹಾಗಿರುವಾಗ ನಿನಗೆ ಯಾಕೆ ದುಡ್ಡು ಕೊಡಬೇಕು?

ಒಬ್ಬ ಡಾಕ್ಟರ್ ಕೇಸ್ ಶೀಟಿನಲ್ಲಿ ‘ಎಂಐ’ ಎಂದು ಗೀಚುತ್ತಾರೆ. ಇನ್ನೊಬ್ಬರು ‘ಹಾರ್ಟ್ ಅಟ್ಯಾಕ್’ ಎಂದು ಬರೆಯುತ್ತಾರೆ. ವೈದ್ಯಕೀಯ ಪದಗಳಿಗೆ ಕೋಡ್ ಕೊಡುವ ಅಂತರರಾಷ್ಟ್ರೀಯ ಆಂಟಾಲಜಿ ಸ್ನೋಮೆಡ್ ಸಿಟಿಯಲ್ಲಿ ಎರಡಕ್ಕೂ ಒಂದೇ ಕೋಡ್, 22298006. ಅದು ಹೃದಯದ ಕಾಯಿಲೆಗಳ ಗುಂಪಿನದು ಅನ್ನುವುದೂ ಅಲ್ಲೇ ದಾಖಲಾಗಿರುತ್ತದೆ. ಇಂಥವು ಮೂರೂವರೆ ಲಕ್ಷದಷ್ಟಿವೆ. 2022ರಿಂದ ಅಂತರರಾಷ್ಟ್ರೀಯ ಆವೃತ್ತಿ ತಿಂಗಳಿಗೊಮ್ಮೆ ಬರುತ್ತಿದೆ. ಆಗ ಕೆಲವು ಕೋಡ್‌ಗಳು ಚಾಲ್ತಿ ತಪ್ಪುತ್ತವೆ. ಆದರೆ ಯಾವುದನ್ನೂ ಅಳಿಸಿ ಹಾಕುವುದಿಲ್ಲ. ಚಾಲ್ತಿಯಲ್ಲಿಲ್ಲ ಎಂದು ಗುರುತು ಹಾಕಿ, ಬದಲಿ ಇದ್ದರೆ ಅದನ್ನು ತೋರಿಸುತ್ತಾರೆ. ಆ ನಂಬರನ್ನು ಬೇರೆಯದಕ್ಕೆ ಕೊಡುವುದೂ ಇಲ್ಲ. ಜೀನ್‌ಗಳ ಕೆಲಸ ವಿವರಿಸಲು 1998ರಲ್ಲಿ ಶುರುವಾದ ಜೀನ್ ಆಂಟಾಲಜಿಯಲ್ಲೂ ಇದೇ ಪದ್ಧತಿ.

ನಿನ್ನ ಗಿರಾಕಿ ದುಡ್ಡು ಕೊಡುವುದು ಇದಕ್ಕೇ. ಐದು ವರ್ಷ ಹಳೆಯ ಕೇಸ್ ಶೀಟ್ ತೆರೆದರೂ ಅವತ್ತು ಆ ಕೋಡಿಗೆ ಏನು ಅರ್ಥವಿತ್ತು ಅಂತ ತಿಳಿಯಬೇಕು. ಯಾರು, ಯಾವಾಗ, ಯಾಕೆ ಬದಲಿಸಿದರು ಅನ್ನುವುದೂ ಕಾಣಬೇಕು. ನಿನ್ನ ಡೆಮೊದಲ್ಲಿ ಪ್ರತಿ ಸಾಲಿನ ಪಕ್ಕ ಒಂದು ಡಿಲೀಟ್ ಬಟನ್ ಇದೆ. ತೆಗೆದುಬಿಡು.

ಕೋಡ್‌ಗಳಿಗೇ ಬೆಲೆ ಹಾಕಿದ್ದೀಯ, ಅದೂ ಬೇಡ. ಭಾರತ 2014ರಿಂದ ಸ್ನೋಮೆಡ್ ಸದಸ್ಯ. ಇಲ್ಲಿ ಬಳಸಲು ಶುಲ್ಕವಿಲ್ಲ, ಪುಣೆಯ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್ ಮೂಲಕ ಸಿಗುತ್ತದೆ. ಗಿರಾಕಿಗೂ ಇದು ಗೊತ್ತಿರುತ್ತದೆ, ಅಲ್ವಾ?

ಬರೆದಿಟ್ಟದ್ದರಿಂದ ತರ್ಕ ಮಾಡಿ ಹೊಸ ಸಂಬಂಧ ಕಂಡುಹಿಡಿಯುವ ರೀಸನರ್ ವಿಷಯದಲ್ಲಿ ಮಾತ್ರ ಸ್ವಲ್ಪ ಜಿಪುಣಿಯಾಗು. ಒಂದೇ ಮೆಶಿನ್‌ ಹಲವರು ಹಂಚಿಕೊಂಡರೆ ಒಬ್ಬರ ಭಾರಿ ತರ್ಕ ಉಳಿದವರನ್ನೆಲ್ಲ ಕಾಯಿಸುತ್ತದೆ. ಆಂಟಾಲಜಿ ಬರೆಯುವ ಭಾಷೆಯಾದ 2009ರ ಔಲ್ 2ರಲ್ಲಿ ಇಎಲ್ ಅನ್ನುವ ಪ್ರೊಫೈಲ್, ಅಂದರೆ ಅದರ ಚಿಕ್ಕ ರೂಪ, ಇದೆಯಲ್ಲ, ಮೊದಲು ಅದಕ್ಕಷ್ಟೇ ಒಪ್ಪಿಕೋ. ‘ಅಥವಾ’, ‘ಅಲ್ಲ’ ಅನ್ನುವಂಥವು ಅದರಲ್ಲಿಲ್ಲ, ಅದಕ್ಕೇ ಲೆಕ್ಕ ಬೇಗ ಮುಗಿಯುತ್ತದೆ. ಸ್ನೋಮೆಡ್‌ನಷ್ಟು ದೊಡ್ಡದನ್ನೂ ಎಲ್ಕ್ ಅನ್ನುವ ರೀಸನರ್ ಸಾಧಾರಣ ಲ್ಯಾಪ್‌ಟಾಪಿನಲ್ಲೇ ಕೆಲವು ಸೆಕೆಂಡುಗಳಲ್ಲಿ ವಿಂಗಡಿಸುತ್ತದೆ. ಅದಕ್ಕಿಂತ ಜಾಸ್ತಿ ಬೇಕೆಂದವರಿಗೆ ಬೇರೆ ಮೆಶಿನ್‌, ಬೇರೆ ದರ.

ಇನ್ನು, ನಿನ್ನನ್ನು ಬಿಟ್ಟು ಹೋಗುವವರಿಗೆ ಅವರ ಇಡೀ ಆಂಟಾಲಜಿಯನ್ನು ಹಳೆಯ ಆವೃತ್ತಿಗಳ ಸಮೇತ ಟರ್ಟಲ್ (ಆರ್‌ಡಿಎಫ್ ಬರೆದಿಡುವ ಪಠ್ಯರೂಪ) ಫೈಲಿನಲ್ಲಿ ಕೊಡು. ಬಾಯಿಮಾತಲ್ಲ, ಕರಾರಿನಲ್ಲೇ ಬರೆ. ಗಿರಾಕಿಯನ್ನು ಕಟ್ಟಿಹಾಕಬೇಕು ಅಂತ ನಿನ್ನ ಪಾಲುದಾರ ಹೇಳಬಹುದು. ಕೇಳಬೇಡ. ಹೊರಗೆ ಹೋಗುವ ದಾರಿ ಕಾಣದಿದ್ದರೆ ಆಸ್ಪತ್ರೆಯವರು ಒಳಗೇ ಬರುವುದಿಲ್ಲ.

ಬೆಲೆಪಟ್ಟಿ ತಿದ್ದಿ ಇನ್ನೊಮ್ಮೆ ಕಳಿಸು, ನೋಡುತ್ತೇನೆ.

ಇಂತಿ,
ನಿನ್ನ ಮಾವ